ಮಶಿನಿಗೆ ಹಚ್ಯಾರ

ನಮ್ಮ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಸತ್ತವರು ‘ಸೀರಿಯಸ್’ ಆಗಿರುತ್ತಾರೆ. ನೂಲದಿಂದ ಉತ್ತೂರಿಗೆ ಫೋನು ಹೋಗಲಿ, ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಬರಲಿ, ಭಾಳ ಸೀರಿಯಸ್ ಅದಾರ, ಹೊಂಟ ಬರ್ರಿ ಎಂದಷ್ಟೇ ಹೇಳುತ್ತಾರೆ. ಕೇಳಿದವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅಂಗಳದಲ್ಲಿ ಒಣಹಾಕಿದ್ದನ್ನು ಒಳಗೆ ತೆಗೆದಿಟ್ಟು, ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಾಗಿಲಿಗೆ ಬೀಗ ಹಾಕಿ ಹೊರಡುತ್ತಾರೆ. ‘ಮಶಿನಿಗೆ ಹಚ್ಯಾರ’ ಎಂಬ ಮಾತು ಬಂತೆಂದರೆ ಅದು ಸೀರಿಯಸ್ಸಿಗಿಂತಲೂ ಮುಂದಿನದು. ಮನುಷ್ಯ ಹೋಗಿಯಾಗಿದೆ, ಮಶಿನ್ ತೆಗೆಯುವುದೊಂದು ಬಾಕಿ ಇದೆ ಎಂದು ಅದರ ಅರ್ಥ. ಹೀಗೆಂದು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು.

ನಮ್ಮಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಕಾಕಾ, ಅಂದರೆ ಅಪ್ಪನ ತಮ್ಮ, ನೂಲದಲ್ಲಿದ್ದ ಅವ್ವನಿಗೆ ಫೋನು ಮಾಡಿ ಅಣ್ಣನಿಗೆ ಆರಾಮಾಗಿದೆ, ಸಂಜೆಗೆ ಕರೆದುಕೊಂಡು ಬರುತ್ತೇವೆ ಎಂದುಬಿಟ್ಟರು. ದಾರಿಯುದ್ದಕ್ಕೂ ಅವ್ವ ಎದೆ ಬಡಿದುಕೊಳ್ಳುವುದು ಬೇಡ ಎಂಬ ಅಂತಃಕರಣ ಅವರದು. ಅವ್ವ ಮನೆ ಸಾರಿಸಿ, ಅಪ್ಪನಿಗೆ ಸೇರುವ ಮೆತ್ತನೆಯ ಅನ್ನ ಮಾಡಿ, ಹಾಲು ಕಾಸಿಟ್ಟು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಂಬುಲೆನ್ಸು ಬಂದು ಮನೆಯ ಮುಂದೆ ನಿಂತಿತು. ಅಂದಿನಿಂದ ಅವಳು ಫೋನಿನಲ್ಲಿ ಬಂದ ಯಾವ ಒಳ್ಳೆಯ ಸುದ್ದಿಯನ್ನೂ ನಂಬಿಲ್ಲ. ಕೆಟ್ಟ ಸುದ್ದಿಯಾದರೆ ಮೊದಲ ಮಾತಿಗೇ ನಂಬುತ್ತಾಳೆ.

ನಾನು ಅವಳ ಹಿರಿಯ ಮಗಳು. ಗಡಹಿಂಗ್ಲಜದಲ್ಲಿ ನನ್ನ ಗಂಡನದು ಬೆಲ್ಲದ ವ್ಯಾಪಾರ. ತಂಗಿಯನ್ನು ಇಚಲಕರಂಜಿಗೆ ಕೊಟ್ಟಿದೆ, ಅವಳ ಗಂಡನ ಪವರ್‌ಲೂಮ್ ಶೆಡ್ಡು ಮನೆಯ ಹಿಂದೆಯೇ ಇದೆ. ನಮ್ಮಿಬ್ಬರಲ್ಲಿ ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿದೆ, ನಗುವೆಲ್ಲ ಅವಳ ಪಾಲಿಗೆ. ಆ ಶೆಡ್ಡಿನ ಮೆಟ್ಟಿಲ ಮೇಲೆ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಳು. ಆಪರೇಶನ್ ಆಯಿತು, ಎಲುಬಿನೊಳಗೆ ರಾಡು ಕೂತಿತು. ಪಾದ ಆಡಿಸುತ್ತಿರಿ, ವಾಕರ್ ಹಿಡಿದು ಒಂದಿಷ್ಟು ಅಡ್ಡಾಡಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಆದರೆ ನಮ್ಮ ಮಂದಿಯ ಲೆಕ್ಕದಲ್ಲಿ ಮುರಿದ ಕಾಲೆಂದರೆ ಅಲುಗಾಡಿಸಬಾರದ ಕಾಲು. ಅವಳ ಅತ್ತೆ ನೀರಿನ ತಂಬಿಗೆಯನ್ನೂ ಹಾಸಿಗೆಗೇ ತಂದುಕೊಟ್ಟರು. ನೋಡಲು ಬಂದವರೆಲ್ಲ ಎದ್ದು ಕೂರಬೇಡ, ಮಲಗಿಕೋ ಎಂದರು. ನಾನೂ ನಾಲ್ಕು ದಿನ ಇದ್ದು ಕೈಯಾಸರೆಯಾಗೋಣ ಎಂದು ಗಡಹಿಂಗ್ಲಜದಿಂದ ಹೋಗಿದ್ದೆ. ಅತ್ತೆಯ ಕೈಯಲ್ಲಿ ಇಂಥ ಸೇವೆ ಯಾವ ಸೊಸೆಗೂ ಸಿಕ್ಕಿಲ್ಲ, ಇನ್ನೊಂದು ಕಾಲೂ ಮುರಿದುಕೊ ಎಂದು ಚೇಷ್ಟೆ ಮಾಡಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಬೆಳಿಗ್ಗೆ ವಾಕರ್ ಹಿಡಿದು ಬಚ್ಚಲಿಗೆ ಹೋದವಳು ಬಾಗಿಲ ಹತ್ತಿರ ನಿಂತುಬಿಟ್ಟಳು. ಕೈ ಬೆರಳು ವಾಕರಿನ ಮೇಲೆ ಬೆಳ್ಳಗಾಗಿದ್ದವು. ‘ಅಕ್ಕಾ, ಉಸರ ಸಿಗವಲ್ದು’ ಎಂದಳು. ನಾನು ಚಹಾ ಸೋಸುತ್ತಿದ್ದೆ. ಮೆಲ್ಲಗೆ ಕೂತುಕೋ ಎನ್ನುವಷ್ಟರಲ್ಲಿ ಅವಳು ಕೂತಿರಲಿಲ್ಲ, ಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಹಣೆಯ ಮೇಲೆ ಬೆವರು ತಣ್ಣಗೆ ನಿಂತಿತ್ತು. ಕಣ್ಣು ತೆರೆದೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನೋವಿರಲಿಲ್ಲ, ಬರೀ ಹೆದರಿಕೆಯಿತ್ತು. ನಾನು ಚಹಾದ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. ಹೆದರಿಕೆ ಒಬ್ಬರ ಕಣ್ಣಿನಿಂದ ಇನ್ನೊಬ್ಬರ ಮೈಗೆ ಹೀಗೆ ನೇರವಾಗಿ ದಾಟುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹತ್ತಿರದ ಡಾಕ್ಟರು ನೋಡಿದ ಕೂಡಲೇ ಆಕ್ಸಿಜನ್ ಹಚ್ಚಿ, ಒಂದು ಇಂಜೆಕ್ಷನ್ ಕೊಟ್ಟು, ಕೊಲ್ಹಾಪುರಕ್ಕೆ ಒಯ್ಯಿರಿ, ನಿಲ್ಲಬೇಡಿ ಎಂದರು. ಕಬ್ಬಿನ ಹಂಗಾಮು. ದಾರಿಯುದ್ದಕ್ಕೂ ಜೋಡಿ ಟ್ರಾಲಿಯ ಟ್ರ್ಯಾಕ್ಟರುಗಳು, ಒಂದೊಂದರ ಮೇಲೂ ಅಳತೆ ಮೀರಿ ಹೇರಿದ ಕಬ್ಬು, ಒಂದೊಂದರಲ್ಲೂ ಕಿವಿ ಒಡೆಯುವ ಹಾಡು. ಆಂಬುಲೆನ್ಸಿನ ಸೈರನ್ ಅವರಿಗೆ ಎಲ್ಲಿ ಕೇಳಬೇಕು. ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನು ಕನ್ನಡದಲ್ಲೂ ಮರಾಠಿಯಲ್ಲೂ ಬೈದ ಬೈಗುಳ ನನ್ನ ಬಾಯಲ್ಲಿ ಇದ್ದವೆಂದು ನನಗೇ ತಿಳಿದಿರಲಿಲ್ಲ. ತಂಗಿಯ ಗಂಡ ಅವಳ ಪಾದ ಹಿಡಿದುಕೊಂಡು ಕೂತಿದ್ದ. ಶಿರೋಲಿ ನಾಕಾ ದಾಟಿ ಪಂಚಗಂಗೆಯ ಸೇತುವೆ ಬಂದಾಗ ಅವಳು ಕಣ್ಣು ಮುಚ್ಚಿದಳು. ಮುಚ್ಚಬೇಡ ಎಂದು ನಾನು ಅವಳ ಕೆನ್ನೆ ತಟ್ಟುತ್ತಲೇ ಇದ್ದೆ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಪರದೆಯ ಕೆಳಗಿನಿಂದ ಕಾಣುತ್ತಿದ್ದದ್ದು ಬರೀ ಪಾದಗಳು. ಅವು ಒಮ್ಮೆಲೇ ಅತ್ತಿತ್ತ ಓಡತೊಡಗಿದವು. ಯಾರೋ ಎದೆ ಒತ್ತುತ್ತಿದ್ದರು, ಮಂಚ ಕಿರುಗುಟ್ಟುತ್ತಿತ್ತು. ಆ ಕಿರುಗುಟ್ಟುವಿಕೆ ನಿಂತರೆ ಅವಳೂ ನಿಂತಳೆಂದೇ ಅರ್ಥ ಎಂದುಕೊಂಡು ನಾನು ಅದನ್ನೇ ಕೇಳುತ್ತಾ ನಿಂತೆ.

ಹೊರಗೆ ಬಂದ ಡಾಕ್ಟರು ನಮ್ಮ ವಯಸ್ಸಿನ ಹೆಣ್ಣುಮಗಳು. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಕಾಲಿನ ರಕ್ತನಾಳದಲ್ಲಿ ಗುಠಳಿ ಆಗಿ, ಅದು ಕಿತ್ತು ಮೇಲೆ ಹರಿದು, ಹೃದಯ ದಾಟಿ, ಪುಪ್ಪುಸಕ್ಕೆ ಹೋಗುವ ದೊಡ್ಡ ನಾಳಗಳನ್ನು ಮುಚ್ಚಿದೆ. ಗುಠಳಿ ಎಂದರೆ ಹೆಪ್ಪುಗಟ್ಟಿದ ರಕ್ತ. ಹೆಪ್ಪು ನಮಗೆ ಮೊಸರಿನ ಮಾತು. ಅಕ್ಕಪಕ್ಕದವರು ಬಟ್ಟಲು ಹಿಡಿದು ಬಂದು ಹೆಪ್ಪು ಕೇಳುತ್ತಾರೆ, ನಾವು ಕೊಡುತ್ತೇವೆ. ಅಂಥ ಮಾತು ನನ್ನ ತಂಗಿಯ ಎದೆಯಲ್ಲಿ ಹೋಗಿ ಕೂತಿತ್ತು. ಹೃದಯ ಒಮ್ಮೆ ನಿಂತಿತ್ತು, ಒತ್ತಿ ಒತ್ತಿ ಮತ್ತೆ ಎಬ್ಬಿಸಿದ್ದರು. ಹೆಪ್ಪು ಕರಗಿಸುವ ಔಷಧ ಪೂರ್ತಿ ಕೊಟ್ಟರೆ ಹೊಸದಾಗಿ ಕುಯ್ದ ಕಾಲಿನಿಂದ ರಕ್ತ ಹರಿಯುವ ಭಯ. ಅದು ಕರಗುವವರೆಗೆ ಹೃದಯ ತಾಳುವುದೂ ಇಲ್ಲ. ಅದಕ್ಕೇ ಹೃದಯದ ಕೆಲಸ, ಪುಪ್ಪುಸದ ಕೆಲಸ ಎರಡನ್ನೂ ಕೆಲವು ದಿನ ಹೊರಗಿನಿಂದ ಮಾಡುವ ಯಂತ್ರವೊಂದಿದೆ, ಅದಕ್ಕೆ ಹಚ್ಚುತ್ತೇವೆ ಎಂದರು. ಅದು ರೋಗ ವಾಸಿ ಮಾಡುವುದಿಲ್ಲ, ವಾಸಿ ಮಾಡಲು ನಮಗೆ ಸಮಯ ಕೊಡುತ್ತದೆ ಎಂದರು. ಅವಳು ಉಳಿಯುತ್ತಾಳೋ ಎಂದು ಕೇಳಿದೆ. ಈಗ ಹೇಳಲಾರೆ ಎಂದರು. ಮಶಿನಿಗೆ ಹಚ್ಚುವುದು ಎಂಬ ಮಾತು ಕೇಳಿದ ಕೂಡಲೇ ತಂಗಿಯ ಗಂಡ ಗೋಡೆಗೆ ಒರಗಿದವನು ಹಾಗೇ ಕೆಳಗೆ ಜಾರಿ ಕೂತ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದು ಒಂದು ಪೊಟ್ಟಣ ಕೈಗಿಟ್ಟರು. ತಾಳಿ, ಬಳೆ, ಕಾಲುಂಗುರ, ಬೆಳ್ಳಿಯ ಕರಡಿಗೆಯಲ್ಲಿದ್ದ ಅವಳ ಇಷ್ಟಲಿಂಗ. ಕೊರಳಿನಲ್ಲಿ ನಳಿಗೆ ಕೂರಿಸಬೇಕಾದ್ದರಿಂದ ದಾರ ಇರುವಂತಿಲ್ಲ. ನಮ್ಮಲ್ಲಿ ಕೂಸು ಹುಟ್ಟಿದಾಗ ಕಟ್ಟಿದ ಲಿಂಗ ಜೀವ ಇರುವವರೆಗೆ ಮೈ ಬಿಡುವಂತಿಲ್ಲ, ಮಣ್ಣಿನಲ್ಲಿ ಕೂರಿಸುವಾಗಲೂ ಅಂಗೈಯಲ್ಲೇ ಇರುತ್ತದೆ. ಅದನ್ನು ಪೊಟ್ಟಣದಲ್ಲಿ ಇಟ್ಟುಕೊಳ್ಳಲು ನನ್ನ ಜೀವ ಒಪ್ಪಲಿಲ್ಲ. ನನ್ನದರ ಜೊತೆಗೆ ಅವಳದನ್ನೂ ನನ್ನ ಕೊರಳಿಗೇ ಹಾಕಿಕೊಂಡೆ. ಎರಡು ಕರಡಿಗೆ ಒಂದಕ್ಕೊಂದು ತಾಗಿ ನಡೆದಾಗಲೆಲ್ಲ ಸದ್ದು ಮಾಡುತ್ತಿದ್ದವು.

ಯಂತ್ರವನ್ನು ಮೊದಲ ಸಲ ನೋಡಿದಾಗ, ಇಷ್ಟೇನಾ ಅನ್ನಿಸಿತು. ಗಾಲಿ ಮೇಲೆ ನಿಂತ ಒಂದು ಸಣ್ಣ ಕಪಾಟಿನಷ್ಟಿತ್ತು. ಅವಳ ತೊಡೆಯ ಸಂದಿನಿಂದ ಹೆಬ್ಬೆರಳಿನಷ್ಟು ದಪ್ಪದ ನಳಿಗೆ ಹೊರಟು ಅದಕ್ಕೆ ಹೋಗುತ್ತಿತ್ತು, ಇನ್ನೊಂದು ಅಲ್ಲಿಂದ ತಿರುಗಿ ಬಂದು ಅವಳೊಳಗೆ ಹೋಗುತ್ತಿತ್ತು. ಹೋಗುವ ರಕ್ತ ನೇರಳೆ ಹಣ್ಣಿನಂತೆ ಕಪ್ಪು. ಬರುವ ರಕ್ತ ಕೆಂಪು. ಅವಳ ಮೈಯೊಳಗೆ ಇರಬೇಕಾದದ್ದೆಲ್ಲ ಹೊರಗೆ ಬಂದು, ಎಲ್ಲರೂ ನೋಡುವಂತೆ, ಮಂಚದ ಪಕ್ಕದಲ್ಲಿ ಹರಿಯುತ್ತಿತ್ತು. ಯಾರಾದರೂ ಎಡವಿ ಆ ನಳಿಗೆಯ ಮೇಲೆ ಬಿದ್ದರೆ? ಅಂದಿನಿಂದ ಅವಳ ಹತ್ತಿರ ಹೋಗುವಾಗೆಲ್ಲ ಸೆರಗು ಸೊಂಟಕ್ಕೆ ಬಿಗಿದು, ಹೆಜ್ಜೆ ನೋಡಿ ನೋಡಿ ಇಡುತ್ತಿದ್ದೆ.

ತಂಗಿಯ ಗಂಡನ ಹೆದರಿಕೆ ಬೇರೆ ತರಹದ್ದು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಒಂದರ ಎಳೆ ಹರಿದರೆ ಮನೆಯೊಳಗೆ ಊಟಕ್ಕೆ ಕೂತವನಿಗೆ ಗೊತ್ತಾಗುತ್ತದೆ. ಇಲ್ಲಿ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಅವನು ಕಿವಿಯನ್ನು ಅದಕ್ಕೇ ಕೊಟ್ಟು ನಿಲ್ಲುತ್ತಿದ್ದ. ಅಲಾರಂ ಕೂಗಿದರೆ ಬೆವರುತ್ತಿದ್ದ. ಅವನು ಡಾಕ್ಟರನ್ನು ಕೇಳಿದ ಒಂದೇ ಪ್ರಶ್ನೆಯೆಂದರೆ ಲೈಟು ಹೋದರೆ ಏನು ಎಂಬುದು. ಇಚಲಕರಂಜಿಯವರ ಪ್ರಶ್ನೆ ಅದು. ಯಂತ್ರ ನೋಡಿಕೊಳ್ಳುವವರು ಬ್ಯಾಟರಿ ತೋರಿಸಿದರು. ಬ್ಯಾಟರಿಯೂ ಹೋದರೆ ಎಂದ. ಪಕ್ಕದಲ್ಲಿ ಸಿಕ್ಕಿಸಿದ್ದ ಒಂದು ಹಿಡಿಕೆಯನ್ನು ತೋರಿಸಿ, ಇದನ್ನು ಕೈಯಿಂದ ತಿರುಗಿಸುತ್ತೇವೆ, ರಕ್ತ ಓಡುತ್ತಲೇ ಇರುತ್ತದೆ ಎಂದರು. ಆಗ ಅವನ ಮುಖಕ್ಕೆ ಸ್ವಲ್ಪ ಜೀವ ಬಂತು. ‘ಅಕ್ಕಾರ, ಅದನ್ನ ನಾ ತಿರಗಸ್ತೇನ್ರಿ. ಎಷ್ಟ ದಿನಾ ಬೇಕಾದ್ರೂ ತಿರಗಸ್ತೇನಿ’ ಎಂದ. ಅಂಥ ಹೊತ್ತು ಬಂದಿದ್ದರೆ ಅವನು ನಿಜವಾಗಿಯೂ ಹಾಗೆಯೇ ಮಾಡುತ್ತಿದ್ದ.

ಮರುದಿನ ತೊಡೆಯ ನಾಳದಿಂದ ಒಂದು ನಳಿಗೆಯನ್ನು ಮೇಲಕ್ಕೆ ಹಾಯಿಸಿ ದೊಡ್ಡ ಹೆಪ್ಪುಗಳನ್ನು ಹೀರಿ ತೆಗೆದರು. ಇನ್ನು ಹೃದಯ ತಾನಾಗಿ ಚೇತರಿಸಿಕೊಳ್ಳಬೇಕು, ಕಾಯಬೇಕು ಎಂದರು. ಕಾದೆವು. ಕಾಯುವುದೆಂದರೆ ಏನು ಹೇಳಲಿ. ಅವಳು ಔಷಧದ ನಿದ್ದೆಯಲ್ಲಿದ್ದಳು. ಬಾಯಲ್ಲಿ ನಳಿಗೆ, ಮುಖ ಬಾತು ಯಾರದೋ ಮುಖವಾಗಿತ್ತು. ಕೈ ಮುಟ್ಟಿದರೆ ಬೆಚ್ಚಗಿತ್ತು, ಆದರೆ ಆ ಬಿಸಿ ಅವಳದೋ ಯಂತ್ರದ್ದೋ ಎಂದು ಅನುಮಾನ ಬರುತ್ತಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತರೆ, ಒಳಗಿನಿಂದ ಬರುವ ಪ್ರತಿ ಸಿಸ್ಟರ್‌ನ ಚಪ್ಪಲಿ ಸದ್ದಿಗೂ ನನ್ನ ಎದೆ ಹಾರುತ್ತಿತ್ತು. ಯಾರಾದರೂ ನಮ್ಮ ಹೆಸರು ಕೂಗಿದರೆ ಸಾಕು, ಮುಗಿಯಿತು ಅನ್ನಿಸುತ್ತಿತ್ತು. ಒಮ್ಮೆ ಅವರು ಕೂಗಿದ್ದು ಬರೀ ಒಂದು ಔಷಧ ತರಲಿಕ್ಕೆ. ನಾನು ಮೆಡಿಕಲ್ ಅಂಗಡಿಯಲ್ಲಿ ನಿಂತು ಅತ್ತೆ.

ಅವ್ವನಿಗೆ ದಿನಾ ಫೋನು ಮಾಡುತ್ತಿದ್ದೆ. ಮಶಿನ್ ಎಂಬ ಮಾತನ್ನು ಬಾಯಿಗೆ ತರಲಿಲ್ಲ. ಎದೆಯಲ್ಲಿ ರಕ್ತ ಕಟ್ಟಿದೆ, ತೆಗೆದಿದ್ದಾರೆ, ಮಲಗಿದ್ದಾಳೆ ಎಂದೆ. ಇದರಲ್ಲಿ ಸುಳ್ಳೊಂದೂ ಇಲ್ಲ. ಅವ್ವ ಎಲ್ಲ ಕೇಳಿ ಹೂಂ ಎಂದಳು. ನಂತರ ಲಿಂಗ ಕೊರಳಲ್ಲಿದೆಯೋ ಎಂದು ಕೇಳಿದಳು. ಡಾಕ್ಟರು ತೆಗೆಸಿದ್ದಾರೆ, ನನ್ನ ಹತ್ತಿರ ಇದೆ ಎಂದು ನಾನು ನಿಜವನ್ನೇ ಹೇಳಿದೆ.

‘ಜೀಂವ ಇದ್ದಾಕಿ ಕೊಳ್ಳಾಗಿನ ಲಿಂಗ ನಿನ್ನ ಕಡೆ ಯಾಕೈತಿ ಬೇ?’

ನಳಿಗೆ, ದಾರ, ಸೋಂಕು ಎಂದು ಏನೇನೋ ಹೇಳಿದೆ. ಆ ಕಡೆ ಫೋನು ಯಾವಾಗಲೋ ಕೆಳಗಿಟ್ಟಾಗಿತ್ತು.

ಇಷ್ಟೆಲ್ಲ ಜೋಪಾನ ಮಾಡಿದ್ದು ಒಂದು ಮಾತಿನಿಂದ ಮಣ್ಣುಪಾಲಾಯಿತು. ಅಂದು ನಾನು ಸ್ನಾನಕ್ಕೆಂದು ಶಾಹೂಪುರಿಯ ಪರಿಚಯದವರ ಮನೆಗೆ ಹೋಗಿದ್ದೆ. ಡಾಕ್ಟರು ರೌಂಡಿಗೆ ಬಂದವರು ಮಾನಿಟರಿನ ಪರದೆ ನೋಡಿ, ಚಾರ್ಟು ನೋಡಿ, ತಂಗಿಯ ಗಂಡನಿಗೆ ‘ಉದ್ಯಾ ಮಶೀನ್ ಕಾಢೂಯಾ’ ಎಂದರಂತೆ. ನಾಳೆ ಮಶಿನ್ ತೆಗೆಯೋಣ. ಅಷ್ಟು ಹೇಳಿ ಇನ್ನೊಂದು ಮಂಚಕ್ಕೆ ಹೋದರು. ಹುಟ್ಟಿದಾಗಿನಿಂದ ಮರಾಠಿ ಮಾತಾಡುವವನಿಗೆ ಆ ವಾಕ್ಯದ ಒಂದೊಂದು ಶಬ್ದವೂ ಗೊತ್ತು. ಆದರೆ ಅವನು ಅದನ್ನು ನಮ್ಮ ಮಂದಿ ಕೇಳುವ ಹಾಗೆ ಕೇಳಿದ. ಮಶಿನ್ ತೆಗೆಯುವುದು ಎಂದರೆ ನಮ್ಮಲ್ಲಿ ಒಂದೇ ಅರ್ಥ. ಅವನು ಡಾಕ್ಟರನ್ನು ತಿರುಗಿ ಏನೂ ಕೇಳಲಿಲ್ಲ. ಹೊರಗೆ ಬಂದು ಕಾಕಾನಿಗೆ ಫೋನು ಹಚ್ಚಿ, ಮಶಿನಿಗೆ ಹಚ್ಯಾರ, ನಾಳಿಗೆ ತಗೀತಾರಂತ ಎಂದ. ಕಾಕಾನೂ ಏನೂ ಕೇಳಲಿಲ್ಲ.

ನಾನು ತಿರುಗಿ ಬಂದಾಗ ಅವನು ನೆಲದ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಅವನನ್ನು ನೋಡಿ ನನ್ನ ಕೈಯಲ್ಲಿದ್ದ ಡಬ್ಬಿ ಬಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಅವನು ‘ಮಶಿನ್...’ ಎಂದಷ್ಟೇ ಹೇಳಿ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ನನ್ನ ಮೊಬೈಲು ಟಿಂಗ್ ಟಿಂಗ್ ಎನ್ನತೊಡಗಿತು. ತೆರೆದರೆ ಕಾಕಾನ ಸೊಸೆಯ ಸ್ಟೇಟಸ್ಸಿನಲ್ಲಿ ನನ್ನ ತಂಗಿಯ ಫೋಟೋ, ಸುತ್ತಲೂ ಹೂವು, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಯಾವುದೋ ಮದುವೆಯಲ್ಲಿ ಕಣ್ಣು ಅರ್ಧ ಮುಚ್ಚಿದಾಗ ತೆಗೆದ ಫೋಟೋ ಅದು, ತಂಗಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಅವಳು ಸತ್ತಳೆಂದು ನಾನೂ ನಂಬಿದೆ. ಎಷ್ಟು ಹೊತ್ತು ನಂಬಿದೆನೋ, ಆ ಹೊತ್ತಿನಲ್ಲಿ ನಾನೇನು ಮಾಡಿದೆನೋ ನನಗೆ ನೆನಪಿಲ್ಲ. ನೆನಪಿರುವುದು ಐಸಿಯೂ ಬಾಗಿಲನ್ನು ಎರಡೂ ಕೈಯಿಂದ ಬಡಿದದ್ದು.

ಡಾಕ್ಟರೇ ಹೊರಗೆ ಬಂದರು. ನನ್ನ ತಂಗಿಯ ಮಶಿನ್ ನನಗೆ ಹೇಳದೆ ಹೇಗೆ ತೆಗೆದಿರಿ ಎಂದು ಕೂಗಾಡಿದೆ. ಅವರು ಕಂಗಾಲಾಗಿ ನನ್ನನ್ನು ನೋಡಿದರು. ಆಮೇಲೆ ಅರ್ಥವಾಯಿತು ಅನ್ನಿಸುತ್ತದೆ, ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಪರದೆಯ ಮುಂದೆ ನಿಲ್ಲಿಸಿದರು. ಅವಳ ಹೃದಯ ಈಗ ತಾನಾಗಿಯೇ ಬಡಿಯುತ್ತಿದೆ, ಯಂತ್ರದ ವೇಗ ಇಳಿಸಿದರೂ ತಾಳಿಕೊಂಡಿದೆ, ಅದಕ್ಕೇ ನಾಳೆ ತೆಗೆಯುವುದು ಎಂದರು. ಮಶಿನ್ ತೆಗೆಯುವುದು ಇಲ್ಲಿ ಒಳ್ಳೆಯ ಸುದ್ದಿ ಎಂದರು. ಆದರೆ ತೆಗೆದ ಮೇಲೆ ಹೃದಯ ಮತ್ತೆ ಸೋತರೆ ಕಷ್ಟ, ಅದನ್ನೂ ನಿಮಗೆ ಹೇಳಬೇಕು ಎಂದರು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡಂತಾಯಿತು. ಆದರೂ ಇಷ್ಟು ದಿನಗಳಲ್ಲಿ ನೆಟ್ಟಗೆ ಮಾತಾಡಿದವರು ಅವರೊಬ್ಬರೇ. ಅವರ ಕೈ ಹಿಡಿದುಕೊಂಡು ಅತ್ತೆ.

ಹೊರಗೆ ಬಂದು ಕಾಕಾನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಹೆಣ ತರಲು ನೂಲದಿಂದ ಅವರ ಜೀಪು ಹೊರಟಾಗಿತ್ತು. ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಗಡಹಿಂಗ್ಲಜದ ಪೇಟೆಯಲ್ಲಿ ಅಂಗಡಿ ಬಿಟ್ಟೆದ್ದು, ಬೆಲ್ಲದ ಅಂಟು ಕೈಯಲ್ಲೇ ರಸ್ತೆಯ ನಡುವೆ ನಿಂತು ಜೀಪು ತಡೆದರು. ಜೀಪಿನಲ್ಲಿ ಆರು ಜನ, ಬಿಳಿ ಬಟ್ಟೆ, ವಿಭೂತಿ, ಒಂದು ಬುಟ್ಟಿ ಚೆಂಡುಹೂವು. ಬದುಕಿದ್ದಾಳೆ ಎಂದು ಇವರು ಹೇಳಿದರೆ ಕಾಕಾ ಇವರ ಹೆಗಲ ಮೇಲೆ ಕೈಯಿಟ್ಟು, ಆಗಲಿ ಅಳಿಯಂದ್ರ, ಧೈರ್ಯಾ ತಗೋರಿ ಎಂದರಂತೆ. ನನ್ನ ಗಂಡ ಸಿಟ್ಟು ಮಾಡುವವರಲ್ಲ. ಅಂದು ಜೀಪಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

ಸಂಜೆ ಕಾಕಾನಿಂದ ನನಗೆ ಫೋನು ಬಂತು. ದನಿ ತಗ್ಗಿತ್ತು. ಇಚಲಕರಂಜಿಯವರಿಗೆ ಹೊಲವಿಲ್ಲವೆಂದು ನಮ್ಮ ಹೊಲದಲ್ಲೇ ಅಪ್ಪನ ಸಮಾಧಿಯ ಪಕ್ಕದಲ್ಲಿ ಕುಣಿ ತೋಡಿಸಿಯಾಗಿದೆ ಎಂದರು. ತೋಡಿದ ಕುಣಿ ಬರಿದೇ ಮುಚ್ಚಬಾರದು ಅಂತಾರಲ್ಲ, ಏನು ಮಾಡೋಣ ಎಂದು ನನ್ನನ್ನೇ ಕೇಳಿದರು. ‘ನಿಮ್ಮ ಮೊಬೈಲ್ ಹಾಕಿ ಮುಚ್ಚರಿ’ ಎಂದೆ. ಹಿರಿಯರಿಗೆ ಹಾಗೆ ಅನ್ನಬಾರದು. ಅನ್ನದೆ ಇರಲು ಆಗಲಿಲ್ಲ. ಕೊನೆಗೆ ಯಾರೋ ಒಂದು ಬಾಳೆದಿಂಡನ್ನು ಅದರಲ್ಲಿಟ್ಟು ಮಣ್ಣೆಳೆದರಂತೆ. ಆದರೆ ಅಷ್ಟು ಹೊತ್ತಿಗೆ ಅವ್ವ ಸಲಿಕೆ, ಗುದ್ದಲಿ ಹಿಡಿದವರು ಹೊಲದ ಕಡೆ ಹೋದದ್ದನ್ನು ನೋಡಿಬಿಟ್ಟಿದ್ದಳು.

ಮರುದಿನ ಯಂತ್ರ ತೆಗೆಯಲು ತಂಗಿಯನ್ನು ಆಪರೇಶನ್ ಥಿಯೇಟರಿಗೆ ಒಯ್ದರು. ಮಂಚ, ಯಂತ್ರ, ಬಾಟಲಿಗಳು, ಐದಾರು ಜನ, ಎಲ್ಲ ಒಂದು ಮೆರವಣಿಗೆಯಂತೆ ಲಿಫ್ಟಿನೊಳಗೆ ಹೋಯಿತು. ಅಷ್ಟು ದಿನ ಆ ಯಂತ್ರವನ್ನು ಕಂಡರೆ ನಡುಗುತ್ತಿದ್ದವಳು, ಈಗ ಅದು ಇಲ್ಲದ ಹೊತ್ತನ್ನು ನೆನೆದು ನಡುಗಿದೆ. ಬಿಟ್ಟ ಕೂಡಲೇ ನಿಂತುಬಿಟ್ಟರೆ? ಪುಪ್ಪುಸದಲ್ಲಿ ಇನ್ನೊಂದು ಹೆಪ್ಪು ಅಡಗಿದ್ದರೆ? ತಂಗಿಯ ಗಂಡನ ಬಲಗೈ ಮೊಣಕಾಲ ಮೇಲೆ ಸಣ್ಣಗೆ ಸುತ್ತುತ್ತಿತ್ತು, ಹಿಡಿಕೆ ತಿರುಗಿಸಿದ ಹಾಗೆ. ನಿಲ್ಲಿಸು ಎಂದು ಹೇಳಬೇಕೆಂದುಕೊಂಡೆ, ಹೇಳಲು ನನಗೇ ಹೆದರಿಕೆಯಾಯಿತು. ಅವಳು ತಿರುಗಿ ಬಂದಾಗ ಮಂಚದ ಪಕ್ಕದಲ್ಲಿ ಯಂತ್ರವಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು. ಅದು ಪೂರ್ತಿ ಅವಳದೇ ಎಂದು ಡಾಕ್ಟರು ಹೇಳಿದರು.

ಉಳಿದದ್ದು ಅವ್ವ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ, ಉಣ್ಣಲಿಲ್ಲ ಎಂದು ಕಾಕಾನ ಹೆಂಡತಿ, ನಮ್ಮ ಕಾಕಿ, ಫೋನಿನಲ್ಲಿ ಹೇಳುತ್ತಿದ್ದರು. ಒಲೆಯ ಮೇಲೆ ಏನನ್ನೂ ಇಡಗೊಡುತ್ತಿರಲಿಲ್ಲವಂತೆ, ಸೂತಕದ ಮನೆ ಎಂದು. ಅವಳನ್ನು ಕರೆದುಕೊಂಡು ಬಂದು ತೋರಿಸಿಬಿಡೋಣ ಎಂದು ನನ್ನ ಗಂಡ ಕಾರು ತೆಗೆದುಕೊಂಡು ನೂಲಕ್ಕೆ ಹೋದರು. ಅವ್ವ ಎದ್ದು ಬರಲಿಲ್ಲ. ಅವರ ಫೋನಿನಿಂದ ನನಗೆ ಅವಳ ದನಿ ಕೇಳಿಸಿತು.

‘ನಾ ಬರೂದಿಲ್ಲ. ನೀವ ತರ್ರಿ. ಅವರ್ನೂ ನೀವ ತಂದ್ರಿ.’

ವಿಡಿಯೋ ಕಾಲ್ ಮಾಡಿ ತೋರಿಸಿದೆವು. ಅವ್ವನ ಕಣ್ಣಿನಲ್ಲಿ ಪೊರೆ, ಮೊಬೈಲಿನಲ್ಲಿ ಕಂಡದ್ದು ಬಿಳಿ ಚಾದರ ಮತ್ತು ಅಲುಗದೆ ಮಲಗಿದ ಒಂದು ಮುಖ. ಮಾತಾಡಿಸು ಎಂದಳು. ಬಾಯಲ್ಲಿ ನಳಿಗೆ ಇದೆ, ಮಾತಾಡಲು ಬರುವುದಿಲ್ಲ ಎಂದೆ. ಹೂಂ ಎಂದಳು. ನಾನು ಎಷ್ಟು ಆಣೆ ಮಾಡಿ ಹೇಳಿದರೆ ಅಷ್ಟು ಹೆಚ್ಚು ಸುಳ್ಳಾಗಿ ಕೇಳುತ್ತಿತ್ತು. ಆರಾಮ ಅದಾಳ ಎಂಬ ಮಾತನ್ನು ನಮ್ಮ ಮಂದಿ ಹೆಣದ ಮೇಲೆ ಹೊದಿಸಿ ಹೊದಿಸಿ ಸವೆಸಿದ್ದರು, ನಿಜಕ್ಕೂ ಆರಾಮಾದವಳಿಗೆ ಹೇಳಲು ನನ್ನ ಹತ್ತಿರ ಬೇರೆ ಮಾತು ಉಳಿದಿರಲಿಲ್ಲ. ತಂಗಿ ಬದುಕಿ ಅವ್ವ ಹೋಗುತ್ತಾಳೆ ಎಂಬ ಹೊಸ ಹೆದರಿಕೆ ಹಿಡಿಯಿತು. ಅವಳ ಸಕ್ಕರೆ ಕಾಯಿಲೆಯ ಗುಳಿಗೆಗಳೂ ನಿಂತಿದ್ದವು. ಇನ್ನೆರಡು ದಿನ ಹೀಗೇ ಆದರೆ ಇವರನ್ನೂ ಅಲ್ಲಿಗೇ ತರಬೇಕಾಗುತ್ತದೆ ಎಂದು ಕಾಕಿ ಅತ್ತರು.

ತಂಗಿಯ ಬಾಯಿಂದ ನಳಿಗೆ ತೆಗೆದದ್ದು ಒಂದು ಮಧ್ಯಾಹ್ನ. ಗಂಟಲು ಹುಣ್ಣಾಗಿತ್ತು, ದನಿ ಹೊರಡುತ್ತಿರಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿದಳು, ತುಟಿ ಅಲುಗಿಸಿದಳು, ಮತ್ತೆ ನಿದ್ದೆ ಹೋದಳು. ಗುರುತು ಹಿಡಿದಳು ಎಂದು ನನಗೆ ಕುಣಿಯುವಷ್ಟು ಸಂತೋಷ, ಆದರೆ ಆ ಉಸಿರಿನಿಂದ ಕಣ್ಣು ಕೀಳಲಾಗಲಿಲ್ಲ. ಇಷ್ಟು ದಿನ ಏನೆಲ್ಲ ಯಂತ್ರ ಅವಳ ಪರವಾಗಿ ಉಸಿರಾಡಿದ್ದವು. ಈಗ ಎದೆ ಒಮ್ಮೆ ಮೇಲೆದ್ದು ಇಳಿದರೆ, ಮುಂದಿನದನ್ನು ಅವಳೇ ಎಳೆದುಕೊಳ್ಳಬೇಕು. ಪ್ರತಿ ಸಲವೂ ಎಳೆದುಕೊಳ್ಳುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದೆ.

ಆಗ ನೂಲದಿಂದ ಕಾಕಿಯ ಫೋನು ಬಂತು. ಅವ್ವ ಬೆಳಿಗ್ಗೆಯಿಂದ ನೀರನ್ನೂ ಬಿಟ್ಟಿದ್ದಾಳೆ ಎಂದರು. ಸಿಸ್ಟರನ್ನು ಕೇಳಿಕೊಂಡೆ. ಅವರು ಆ ಕಡೆ ಈ ಕಡೆ ನೋಡಿ, ಬೇಗ ಮುಗಿಸಿ ಎಂದರು. ಫೋನನ್ನು ಅವ್ವನ ಕಿವಿಗೆ ಒತ್ತಿ ಹಿಡಿಯಲು ಕಾಕಿಗೆ ಹೇಳಿದೆ.

‘ಅವ್ವಾ, ನಾ ಏನೂ ಹೇಳೂದಿಲ್ಲ ಬೇ. ನೀನ ಕೇಳು’ ಎಂದೆ.

ಫೋನನ್ನು ತಂಗಿಯ ಮೂಗು ಬಾಯಿಯ ಹತ್ತಿರ ಹಿಡಿದೆ. ಅವಳು ನಿದ್ದೆಯಲ್ಲಿದ್ದಳು. ಉಸಿರು ಒರಟಾಗಿ, ನಡುವೆ ಸಣ್ಣ ಗೊರಗೊರ ಸೇರಿ, ಹೋಗುತ್ತಿತ್ತು, ಬರುತ್ತಿತ್ತು. ಅವ್ವನಿಗೆ ಏನು ಕೇಳಿಸುತ್ತಿದೆಯೋ, ಏನೂ ಕೇಳಿಸುತ್ತಿಲ್ಲವೋ ತಿಳಿಯದು. ಇದನ್ನೂ ಸುಳ್ಳೆಂದರೆ ಆಮೇಲೆ ನನ್ನ ಹತ್ತಿರ ಏನೂ ಇಲ್ಲ ಎಂಬುದೊಂದೇ ತಲೆಯಲ್ಲಿತ್ತು. ಸಿಸ್ಟರ್ ಸಾಕೆಂದು ಕೈ ಮಾಡಿದರು. ಫೋನನ್ನು ನನ್ನ ಕಿವಿಗೆ ತಂದೆ. ಅವ್ವಾ ಎಂದೆ. ಅವಳು ಮೂಗೇರಿಸಿದ್ದು ಕೇಳಿಸಿತು.

‘ಮೂಗ ಕಟ್ಟೈತಿ ಆಕೀದು’ ಎಂದಳು ಅವ್ವ. ದನಿಯಲ್ಲಿ ಗದರಿಕೆ ಇತ್ತು. ‘ಫ್ಯಾನಿನ ಬುಡಕ ಮಲಗ್ಸೀರೇನು? ಹೊಚ್ಚ ಮೊದಲ ಆಕಿಗೆ.’

ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಚಾದರ ಎಳೆದು ನನ್ನ ತಂಗಿಗೆ ಗದ್ದದವರೆಗೆ ಹೊಚ್ಚಿದೆ.